ರೇಂಜ್ ಐತಿ, ನೆಟ್ ಇಲ್ಲ: ಕೆಟ್ಟಿದ್ದು ಫೋನೋ, ಸಿಮ್ಮೋ, ಟವರೋ?

ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯ ಯಾವ ಮೊಬೈಲ್ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೂ "ನೆಟ್ ಬರಾಕತ್ತಿಲ್ರೀ" ಎಂಬ ಮಾತು ಕಿವಿಗೆ ಬೀಳುತ್ತದೆ. ಮಾತು ಒಂದೇ, ಕಾರಣ ಮಾತ್ರ ನಾಲ್ಕು. ಪ್ಯಾಕ್ ಮುಗಿದಿರಬಹುದು, ಫೋನಿನ ಸೆಟ್ಟಿಂಗ್ ತಪ್ಪಿರಬಹುದು, ಸಿಮ್ ಸವೆದಿರಬಹುದು, ಇಲ್ಲವೇ ಟವರಿನ ಕಡೆಯೇ ಏನೋ ಆಗಿರಬಹುದು. ಯಾವುದು ಎಂದು ನೋಡದೆ ಬಹಳ ಜನ ನೇರವಾಗಿ ಫೋನ್ ರೀಸೆಟ್ ಹೊಡೆದುಬಿಡುತ್ತಾರೆ. ಟವರ್ ಬಂದ್ ಆದ ದಿನ ರೀಸೆಟ್ ಹೊಡೆದರೆ ನೆಟ್ಟೂ ಬರುವುದಿಲ್ಲ, ಮನೆಯ ವೈಫೈ ಪಾಸ್‌ವರ್ಡೂ ಹೋಗುತ್ತದೆ. ರೀಸೆಟ್ ಕೊನೆಯ ಕೆಲಸ. ಮೊದಲ ಕೆಲಸ, ದೋಷ ಯಾವ ಕಡೆ ಇದೆ ಎಂದು ತಿಳಿಯುವುದು.

ಪರದೆಯ ಮೇಲ್ತುದಿ ಓದಿ

ಮೊದಲು ವೈಫೈ ಆಫ್ ಮಾಡಿ. ವೈಫೈ ಹಿಡಿದಿರುವ ಫೋನು ಮೊಬೈಲ್ ಡಾಟಾದ ಗೊಡವೆಗೆ ಹೋಗುವುದಿಲ್ಲ. ಹಿಂದೊಮ್ಮೆ ರೈಲ್ವೆ ನಿಲ್ದಾಣದ ಉಚಿತ ವೈಫೈ ಬಳಸಿದ್ದರೆ, ಮುಂದಿನ ಸಲ ಪ್ಲಾಟ್‌ಫಾರ್ಮಿಗೆ ಕಾಲಿಟ್ಟೊಡನೆ ಫೋನು ತಾನಾಗಿ ಅದಕ್ಕೆ ಅಂಟಿಕೊಂಡು ಒಟಿಪಿ ಹಾಕಲಿ ಎಂದು ಕಾಯುತ್ತ ಕೂರುತ್ತದೆ. ನೀವು "ನೆಟ್ ಇಲ್ಲ" ಎನ್ನುತ್ತಿರುತ್ತೀರಿ, ಡಾಟಾ ನಿಮ್ಮ ಕೈಯಲ್ಲೇ ಸುಮ್ಮನೆ ಕೂತಿರುತ್ತದೆ. ಕಾಲೇಜಿನ ವೈಫೈ, ಪಕ್ಕದ ಮನೆಯವರು ಎಂದೋ ಕೊಟ್ಟ ಪಾಸ್‌ವರ್ಡ್, ಇವೂ ಹೀಗೇ.

ಈಗ ಸಿಗ್ನಲ್ ಕಡ್ಡಿಗಳನ್ನು, ಅವುಗಳ ಪಕ್ಕದ ಅಕ್ಷರವನ್ನು ನೋಡಿ.

"ನೋ ಸಿಮ್" ಎಂದಿದ್ದರೆ ಫೋನಿಗೆ ಸಿಮ್ಮೇ ಕಾಣುತ್ತಿಲ್ಲ. "ನೋ ಸರ್ವಿಸ್" ಅಥವಾ "ಎಮರ್ಜೆನ್ಸಿ ಕಾಲ್ಸ್ ಓನ್ಲಿ" ಎಂದಿದ್ದರೆ ಸಿಮ್ ಕಂಡಿದೆ, ಆದರೆ ನಿಮ್ಮ ಕಂಪನಿಯ ಟವರ್ ಅದನ್ನು ಸೇರಿಸಿಕೊಂಡಿಲ್ಲ. ಟವರ್ ದೂರ ಇರಬಹುದು, ಸಿಮ್ ಬಂದ್ ಆಗಿರಬಹುದು, ಫೋನಿನ ಐಎಂಇಐ (ಪ್ರತಿ ಫೋನಿಗೂ ಇರುವ ಗುರುತಿನ ಅಂಕಿ) ಬ್ಲಾಕ್ ಆಗಿರಲೂಬಹುದು. ಕಡ್ಡಿಗಳಿದ್ದು ಪಕ್ಕದಲ್ಲಿ 4ಜಿ, 5ಜಿ ಯಾವುದೂ ಇಲ್ಲದಿದ್ದರೆ ಡಾಟಾ ಆಫ್ ಇದೆ ಅಥವಾ ಎಪಿಎನ್, ಅಂದರೆ ಫೋನು ಕಂಪನಿಯ ನೆಟ್ಟಿಗೆ ಸೇರುವ ಬಾಗಿಲಿನ ಹೆಸರು, ತಪ್ಪಿದೆ. ಇಂಗ್ಲಿಷಿನ "ಇ" ಕಂಡರೆ ಫೋನು 2ಜಿಗೆ ಬಿದ್ದಿದೆ, "ಎಚ್" ಕಂಡರೆ 3ಜಿ. 4ಜಿ ಇದ್ದೂ ಕಡ್ಡಿಗಳ ಮೇಲೆ ಆಶ್ಚರ್ಯಸೂಚಕ ಗುರುತು ಬಂದಿದ್ದರೆ, ಟವರಿನವರೆಗೆ ದಾರಿ ಇದೆ, ಅದರಾಚೆ ಇಲ್ಲ.

ಇದನ್ನು ನೋಡಿಕೊಂಡ ಮೇಲೆ ಏರೋಪ್ಲೇನ್ ಮೋಡ್ ಹಾಕಿ, 15 ಸೆಕೆಂಡು ಬಿಟ್ಟು ತೆಗೆಯಿರಿ. ಹಾಕಿದ ಕೂಡಲೇ ತೆಗೆದರೆ ಉಪಯೋಗವಿಲ್ಲ. ಫೋನು ಹಳೆಯ ಟವರಿನ ನಂಟು ಪೂರ್ತಿ ಕಡಿದು ಹೊಸದಾಗಿ ಹೆಸರು ಹಚ್ಚಬೇಕು, ಅದಕ್ಕೆ ಅಷ್ಟು ಹೊತ್ತು ಬೇಕು. ಚಿಗರಿ ಬಸ್ಸಿನಲ್ಲಿ ಧಾರವಾಡದಿಂದ ಹುಬ್ಬಳ್ಳಿಗೆ ಬರುವಾಗ ಫೋನು ಟವರಿನಿಂದ ಟವರಿಗೆ ಜಿಗಿಯುತ್ತ ಬರುತ್ತದೆ. ಆ ಜಿಗಿತದಲ್ಲಿ ಎಲ್ಲೋ ಸಿಕ್ಕಿಬಿದ್ದ ನೆಟ್ಟು ಇಷ್ಟಕ್ಕೇ ಬಂದುಬಿಡುತ್ತದೆ. ಬರದಿದ್ದರೆ ಫೋನ್ ಒಮ್ಮೆ ಸ್ವಿಚ್ ಆಫ್ ಮಾಡಿ ಆನ್ ಮಾಡಿ. ಆಗಲೂ ಬರದಿದ್ದರೆ ಮುಂದೆ ಓದಿ.

ಅದಲುಬದಲು ಪರೀಕ್ಷೆ

ಇಡೀ ಲೇಖನದಲ್ಲಿ ಒಂದೇ ಒಂದು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಇದಕ್ಕೆ ಬೇಕಾದದ್ದು ನೆಟ್ ಸರಿಯಾಗಿ ನಡೆಯುತ್ತಿರುವ ಇನ್ನೊಂದು ಫೋನು, ಒಂದು ಸಿಮ್ ಪಿನ್.

1. ಅದೇ ಜಾಗದಲ್ಲಿ, ಅದೇ ಕಂಪನಿಯ ಸಿಮ್ ಇರುವ ಬೇರೆಯವರ ಫೋನಿನಲ್ಲಿ ನೆಟ್ ಇದೆಯೇ ಕೇಳಿ. ಅವರಿಗೂ ಇಲ್ಲ ಎಂದಾದರೆ ದೋಷ ಟವರಿನದು. ನಿಮ್ಮ ಫೋನಿನಲ್ಲಿ ಏನನ್ನೂ ಮುಟ್ಟಬೇಡಿ.
2. ಅವರಿಗೆ ಇದೆ, ನಿಮಗಿಲ್ಲ ಎಂದಾದರೆ ಎರಡೂ ಫೋನ್ ಆಫ್ ಮಾಡಿ, ನಿಮ್ಮ ಸಿಮ್ ಅವರ ಫೋನಿಗೆ ಹಾಕಿ. ನಡೆದರೆ ಸಿಮ್ ಮತ್ತು ಪ್ಯಾಕ್ ಎರಡೂ ಸರಿ, ತಪ್ಪು ನಿಮ್ಮ ಫೋನಿನದು.
3. ಅಲ್ಲೂ ನಡೆಯದಿದ್ದರೆ ಸಿಮ್ ಅಥವಾ ಪ್ಯಾಕಿನ ಸಮಸ್ಯೆ. ಫೋನ್ ರಿಪೇರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಎಚ್ಚರಿಕೆ ಒಂದಿದೆ. ನಿಮ್ಮ ಸಿಮ್ ಬೇರೆ ಫೋನಿನಲ್ಲಿರುವಾಗ ಎರಡೂ ಕಡೆ ಫೋನ್‌ಪೇ, ಗೂಗಲ್‌ಪೇ ತೆರೆಯಬೇಡಿ. ಸಿಮ್ ಬದಲಾಗಿದ್ದು ಕಂಡರೆ ಅವು ಮತ್ತೆ ನಂಬರ್ ನೋಂದಾಯಿಸಲು ಕೇಳುತ್ತವೆ, ಅದಕ್ಕೆ ಎಸ್‌ಎಂಎಸ್ ಹೋಗಬೇಕು, ಒಂದು ಕೆಲಸ ಹೋಗಿ ಎರಡಾಗುತ್ತದೆ. ಸಿಮ್‌ಗೆ ಪಿನ್ ಲಾಕ್ ಹಾಕಿದ್ದರೆ ನಂಬರ್ ನೆನಪು ಮಾಡಿಕೊಂಡೇ ತೆಗೆಯಿರಿ. ಮೂರು ಸಲ ತಪ್ಪಿದರೆ ಸಿಮ್ ಲಾಕ್ ಆಗಿ ಅದನ್ನು ಬಿಡಿಸುವ ಪಿಯುಕೆ ಕೋಡ್ ಕೇಳುತ್ತದೆ. ಇ-ಸಿಮ್ (ಫೋನಿನೊಳಗೇ ಕೂತ, ಹೊರತೆಗೆಯಲಾಗದ ಸಿಮ್) ಇದ್ದವರಿಗೆ ಈ ಅದಲುಬದಲು ಸುಲಭವಿಲ್ಲ. ಅವರು ಬೇರೆಯವರ ಸಿಮ್ ತಮ್ಮ ಫೋನಿಗೆ ಹಾಕಿ ನೋಡಬೇಕು.

ಪ್ಯಾಕ್: 64 ಕೆಬಿಪಿಎಸ್ ಎಂದರೆ ಎಷ್ಟು?

"ವಾಟ್ಸ್ಆ್ಯಪ್ ಮೆಸೇಜ್ ಹೊಕ್ಕಾವು, ಫೋಟೋ ಹೋಗವಲ್ದು, ಯೂಟ್ಯೂಬ್ ಚಕ್ರ ತಿರಗತೈತಿ." ಈ ಲಕ್ಷಣ ಇದ್ದರೆ ಹತ್ತಕ್ಕೆ ಎಂಟು ಪಾಲು ದಿನದ ಕೋಟಾ ಮುಗಿದಿದೆ ಎಂದೇ ತಿಳಿಯಿರಿ. ದಿನಕ್ಕೆ 1.5 ಜಿಬಿ ಅಥವಾ 2 ಜಿಬಿ ಪ್ಯಾಕುಗಳಲ್ಲಿ ಕೋಟಾ ಮುಗಿದರೆ ನೆಟ್ ಪೂರ್ತಿ ನಿಲ್ಲುವುದಿಲ್ಲ, ವೇಗ ಸಾಮಾನ್ಯವಾಗಿ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಕೆಬಿಪಿಎಸ್ ಎಂಬುದು ಬಿಟ್ ಲೆಕ್ಕ. ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 8 ಕೆಬಿ ಮಾತ್ರ. ಅಂದರೆ 1 ಎಂಬಿ ಬರಲು ಎರಡು ನಿಮಿಷ. ವಾಟ್ಸ್ಆ್ಯಪ್ ಕುಗ್ಗಿಸಿ ಕಳಿಸುವ 200 ಕೆಬಿ ಫೋಟೋಕ್ಕೇ 25 ಸೆಕೆಂಡು ಬೇಕು. ಬೇರೆ ಆ್ಯಪ್‌ಗಳು ಅದೇ ಹೊತ್ತಿಗೆ ಹಿಂದಿನಿಂದ ಎಳೆಯುತ್ತಿದ್ದರೆ ಅದೂ ಸಿಗುವುದಿಲ್ಲ. ಕಡ್ಡಿಗಳು ತುಂಬಿರುತ್ತವೆ, 4ಜಿ ಎಂದೇ ಬರೆದಿರುತ್ತದೆ, ಅದಕ್ಕೇ ಜನ ಫೋನನ್ನು ಅನುಮಾನಿಸುತ್ತಾರೆ.

ನೋಡುವುದು ಸುಲಭ. ಜಿಯೋದಲ್ಲಿ 1299ಕ್ಕೆ ಕರೆ ಮಾಡಿದರೆ ಎಸ್‌ಎಂಎಸ್ ಬರುತ್ತದೆ. ಏರ್‌ಟೆಲ್‌ನಲ್ಲಿ *121#, ವಿಐನಲ್ಲಿ *199# ಒತ್ತಿ. ಬಿಎಸ್‌ಎನ್‌ಎಲ್‌ನವರು ಅದರ ಸೆಲ್ಫ್‌ಕೇರ್ ಆ್ಯಪ್‌ನಲ್ಲಿ ನೋಡಬಹುದು. ಉಳಿದ ಡಾಟಾ ಮಾತ್ರವಲ್ಲ, ವ್ಯಾಲಿಡಿಟಿಯ ದಿನಾಂಕವನ್ನೂ ಓದಿ. 28 ದಿನದ ಪ್ಯಾಕನ್ನು ತಿಂಗಳೆಂದು ಲೆಕ್ಕ ಹಿಡಿದು ಕೂತವರಿಗೆ ಎರಡು-ಮೂರು ದಿನ ಮೊದಲೇ ನೆಟ್ ಹೋಗುತ್ತದೆ.

"ನಾ ಏನೂ ನೋಡಿಲ್ಲ, ಆದರೂ ಖಾಲಿ ಆತು" ಎನ್ನುವವರು ಸೆಟ್ಟಿಂಗ್ಸ್‌ನಲ್ಲಿ ಡಾಟಾ ಯೂಸೇಜ್ ತೆರೆದು ಯಾವ ಆ್ಯಪ್ ಎಷ್ಟು ತಿಂದಿದೆ ನೋಡಿ. ಬಹಳ ಸಲ ಸಿಕ್ಕಿಬೀಳುವುದು ಗೂಗಲ್ ಫೋಟೋಸ್‌ನ ಬ್ಯಾಕಪ್, ಪ್ಲೇಸ್ಟೋರಿನ ಆಟೋ ಅಪ್‌ಡೇಟ್, ಆಫ್ ಮಾಡುವುದು ಮರೆತ ಹಾಟ್‌ಸ್ಪಾಟ್. ಎಚ್‌ಡಿ ವಿಡಿಯೋ ಒಂದು ತಾಸು ನೋಡಿದರೆ 1 ಜಿಬಿ ಮೇಲೇ ಹೋಗುತ್ತದೆ. ನೆಟ್ ಸ್ಲೋ ಇದೆ ಎಂದು ಮೇಲಿಂದ ಮೇಲೆ ಸ್ಪೀಡ್ ಟೆಸ್ಟ್ ಮಾಡುವುದೂ ದುಬಾರಿಯೇ. 5ಜಿಯಲ್ಲಿ ಒಂದೇ ಟೆಸ್ಟು ಕೆಲವು ನೂರು ಎಂಬಿ ನುಂಗಬಹುದು.

5ಜಿ ಅನ್‌ಲಿಮಿಟೆಡ್ ಪ್ಯಾಕ್ ಇದ್ದವರೂ ಇಲ್ಲೇ ಎಡವುತ್ತಾರೆ. ಲೆಕ್ಕವಿಲ್ಲದ್ದು 5ಜಿಯಲ್ಲಿ ಬಳಸಿದ್ದು ಮಾತ್ರ. ವಿದ್ಯಾನಗರದಲ್ಲಿ 5ಜಿ ಮೇಲೆ ಶುರುವಾದ ಸಿನಿಮಾ ಕಲಘಟಗಿ ದಾರಿಯಲ್ಲಿ 4ಜಿಗೆ ಇಳಿದರೆ ಅಲ್ಲಿಂದ ಕೋಟಾ ಕರಗುತ್ತದೆ. ಫೋನು ಇದನ್ನು ಹೇಳುವುದಿಲ್ಲ.

ಕೊನೆಯದಾಗಿ 1925. ಮೊಬೈಲ್ ಡಾಟಾವನ್ನು ಕಂಪನಿಯ ಕಡೆಯಿಂದಲೇ ಚಾಲೂ, ಬಂದ್ ಮಾಡಿಸುವ ಉಚಿತ ನಂಬರ್ ಅದು. ಯಾರಾದರೂ ಅರಿಯದೆ ಬಂದ್ ಮಾಡಿಸಿದ್ದರೆ ಫೋನಿನಲ್ಲಿ ಡಾಟಾ ಆನ್ ಇದ್ದರೂ ನೆಟ್ ಬರುವುದಿಲ್ಲ. "ಸ್ಟಾರ್ಟ್" ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು 1925ಕ್ಕೆ ಎಸ್‌ಎಂಎಸ್ ಮಾಡಿ.

ಫೋನಿನೊಳಗೆ

ಅದಲುಬದಲಿನಲ್ಲಿ ಫೋನೇ ತಪ್ಪಿತಸ್ಥ ಎಂದು ಗೊತ್ತಾದವರಿಗೆ ಈ ಭಾಗ. ಒಂದು ಬದಲಾವಣೆ ಮಾಡಿ, ಒಮ್ಮೆ ಪರೀಕ್ಷಿಸಿ, ಆಮೇಲೆ ಮುಂದಿನದು. ಐದಾರು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂಬುದು ತಿಳಿಯುವುದಿಲ್ಲ. ಮೆನುವಿನ ಹೆಸರು ಕಂಪನಿಯಿಂದ ಕಂಪನಿಗೆ ಬೇರೆ. ಸಿಗದಿದ್ದರೆ ಸೆಟ್ಟಿಂಗ್ಸ್‌ನ ಮೇಲಿರುವ ಹುಡುಕು ಜಾಗದಲ್ಲಿ ಹೆಸರು ಬರೆಯಿರಿ.

ಎರಡು ಸಿಮ್ ಇದ್ದರೆ ಡಾಟಾ ಯಾವುದರ ಮೇಲಿದೆ ನೋಡಿ. ಪ್ಯಾಕ್ ಇರುವುದು ಒಂದರಲ್ಲಿ, ಡಾಟಾ ಆನ್ ಆಗಿರುವುದು ಬರೀ ಇನ್‌ಕಮಿಂಗ್‌ಗೆಂದು ಇಟ್ಟ ಇನ್ನೊಂದರಲ್ಲಿ, ಇದು ಎಲ್ಲೆಲ್ಲೂ ಕಾಣುವ ತಪ್ಪು. ಒಂದು ಸಿಮ್ಮಿನಲ್ಲಿ ಮಾತಾಡುವಾಗ ಇನ್ನೊಂದರ ಡಾಟಾ ನಿಲ್ಲುವುದು ಹಲವು ಫೋನುಗಳ ಸ್ವಭಾವ, ಕೆಟ್ಟಿದ್ದಲ್ಲ. ಅದೇ ಸಿಮ್ಮಿನಲ್ಲಿ ಮಾತಾಡುವಾಗಲೂ ನೆಟ್ ಹೋಗುತ್ತಿದ್ದರೆ ವೋಲ್ಟಿ, ಅಂದರೆ 4ಜಿಯಲ್ಲೇ ಕರೆ ನಡೆಸುವ ವ್ಯವಸ್ಥೆ, ಆಫ್ ಇದೆ. ಕರೆ ಬಂದಾಗ ಫೋನು 2ಜಿಗೆ ಇಳಿಯುತ್ತದೆ, ಅಲ್ಲಿ ಮಾತು ಮತ್ತು ನೆಟ್ ಒಟ್ಟಿಗೆ ನಡೆಯುವುದಿಲ್ಲ. ವೋಲ್ಟಿ ಆನ್ ಮಾಡಿ.

ಆಮೇಲೆ ನೆಟ್‌ವರ್ಕ್ ಮೋಡ್. ಬ್ಯಾಟರಿ ಉಳಿಯಲಿ ಎಂದು ಯಾರಾದರೂ 2ಜಿ ಅಥವಾ 3ಜಿ ಮಾತ್ರ ಎಂದು ಇಟ್ಟಿದ್ದರೆ ಜಿಯೋ ಸಿಮ್ ಸತ್ತಂತೆ ಕಾಣುತ್ತದೆ, ಏಕೆಂದರೆ ಜಿಯೋಗೆ 2ಜಿ, 3ಜಿ ಟವರುಗಳೇ ಇಲ್ಲ. ಹಳೆಯ ಎರಡು ಸಿಮ್ ಫೋನುಗಳಲ್ಲಿ ಎರಡನೇ ಸ್ಲಾಟ್ ಬರೀ 2ಜಿ ಆಗಿರುವುದುಂಟು. ಅಲ್ಲಿಗೆ ಜಿಯೋ ಸಿಮ್ ಹಾಕಿದರೂ ಇದೇ ಕಥೆ, ಮೊದಲ ಸ್ಲಾಟಿಗೆ ಬದಲಿಸಿದರೆ ಸರಿ.

ಎಪಿಎನ್‌ಗೆ ಸ್ವಲ್ಪ ತಾಳ್ಮೆ ಬೇಕು. ಸಿಮ್ ಹಾಕಿದಾಗ ಇದು ತಾನಾಗಿ ತುಂಬಿಕೊಳ್ಳುತ್ತದೆ. ಆದರೆ ಕಂಪನಿ ಬದಲಿಸಿದ ಮೇಲೆ, ಹೊರದೇಶದಿಂದ ತಂದ ಫೋನಿನಲ್ಲಿ, ಕೆಲವೊಮ್ಮೆ ಅಪ್‌ಡೇಟ್ ಆದ ಮೇಲೆ ತಪ್ಪುತ್ತದೆ. ಸೆಟ್ಟಿಂಗ್ಸ್, ಮೊಬೈಲ್ ನೆಟ್‌ವರ್ಕ್, ನಿಮ್ಮ ಸಿಮ್, ಆ್ಯಕ್ಸೆಸ್ ಪಾಯಿಂಟ್ ನೇಮ್ಸ್ ಎಂಬ ದಾರಿಯಲ್ಲಿ ಹೋಗಿ. ಮೊದಲು ಮೂರು ಚುಕ್ಕಿ ಒತ್ತಿ "ರೀಸೆಟ್ ಟು ಡಿಫಾಲ್ಟ್" ಕೊಡಿ. ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಮುಗಿಯದಿದ್ದರೆ ಹೊಸದು ಸೇರಿಸಿ. ಹೆಸರಿನ ಜಾಗದಲ್ಲಿ ಏನು ಬರೆದರೂ ನಡೆಯುತ್ತದೆ, ಎಪಿಎನ್ ಜಾಗದಲ್ಲಿ ಮಾತ್ರ ಅಕ್ಷರ ತಪ್ಪಕೂಡದು. ಜಿಯೋಗೆ ಜಿಯೋನೆಟ್, ಏರ್‌ಟೆಲ್‌ಗೆ ಏರ್‌ಟೆಲ್‌ಜಿಪಿಆರ್‌ಎಸ್ ಡಾಟ್ ಕಾಮ್, ಬಿಎಸ್‌ಎನ್‌ಎಲ್‌ಗೆ ಬಿಎಸ್‌ಎನ್‌ಎಲ್‌ನೆಟ್, ವಿಐಗೆ ಬರೀ ಮೂರು ಡಬ್ಲ್ಯೂ. ಎಲ್ಲವೂ ಇಂಗ್ಲಿಷಿನ ಸಣ್ಣಕ್ಷರ, ನಡುವೆ ಜಾಗ ಬಿಡದೆ. "ಡಾಟ್" ಇರುವಲ್ಲಿ ಚುಕ್ಕಿ. ಯೂಸರ್‌ನೇಮ್, ಪಾಸ್‌ವರ್ಡ್, ಪ್ರಾಕ್ಸಿ ಖಾಲಿ ಬಿಡಿ. ಪ್ರೋಟೋಕಾಲ್‌ನಲ್ಲಿ ಐಪಿವಿ4/ಐಪಿವಿ6 ಎಂಬ ಜೋಡಿ ಆಯ್ಕೆ ಇಡಿ.

ಇಲ್ಲಿ ಬೆರಳು ತಪ್ಪುವುದು ಮೂರು ಕಡೆ. ಕೀಬೋರ್ಡ್ ಮೊದಲ ಅಕ್ಷರವನ್ನು ತಾನೇ ದೊಡ್ಡದು ಮಾಡುತ್ತದೆ, ಅದನ್ನು ಸಣ್ಣದಾಗಿಸಬೇಕು. ಏರ್‌ಟೆಲ್‌ನ ಚುಕ್ಕಿಯಾದ ಮೇಲೆ ಕೀಬೋರ್ಡ್ ಸದ್ದಿಲ್ಲದೆ ಒಂದು ಜಾಗ ಬಿಡುತ್ತದೆ, ಕಣ್ಣಿಗೆ ಕಾಣುವುದೇ ಇಲ್ಲ. ಕೊನೆಗೆ, ಬರೆದಾದ ಮೇಲೆ ಹಿಂದಕ್ಕೆ ಬಂದರೆ ಕೆಲವು ಫೋನುಗಳಲ್ಲಿ ಉಳಿಯುವುದಿಲ್ಲ. ಮೂರು ಚುಕ್ಕಿ ಒತ್ತಿ "ಸೇವ್" ಕೊಡಬೇಕು, ಆಮೇಲೆ ಪಟ್ಟಿಯಲ್ಲಿ ಅದರ ಮುಂದಿನ ಗೋಲಿಯನ್ನು ಒತ್ತಿ ಆರಿಸಬೇಕು. ಸೇವ್ ಮಾಡಿ ಆರಿಸದೆ ಬಿಟ್ಟವರೇ ಹೆಚ್ಚು.

4ಜಿ ಇದೆ, ಪ್ಯಾಕ್ ಇದೆ, ಎಪಿಎನ್ ಸರಿ ಇದೆ, ಆದರೂ ಏನೂ ತೆರೆಯುವುದಿಲ್ಲ ಎಂದಾದರೆ ಮೂರು ಕಡೆ ಕಣ್ಣಾಡಿಸಿ. ಒಂದು, ಜಾಹೀರಾತು ಬರದಿರಲಿ ಎಂದು, ವೆಬ್‌ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಪ್ರೈವೇಟ್ ಡಿಎನ್‌ಎಸ್‌ನಲ್ಲಿ ಯಾವುದೋ ವಿಡಿಯೋ ನೋಡಿ ಒಂದು ವಿಳಾಸ ತುಂಬಿದ್ದೀರಾ? ಆ ಸರ್ವರ್ ಕೈಕೊಟ್ಟರೆ ಇಡೀ ನೆಟ್ಟೇ ನಿಂತಂತೆ. "ಆಟೋಮ್ಯಾಟಿಕ್" ಮಾಡಿ. ಎರಡು, ನೆಟ್ಟನ್ನು ಬೇರೆ ಸರ್ವರಿನ ಮೂಲಕ ತಿರುಗಿಸುವ ವಿಪಿಎನ್. ಮೇಲೆ ಬೀಗದ ಕೈಯ ಗುರುತು ಇದ್ದರೆ ಆಫ್ ಮಾಡಿ. ಮೂರು, ಗಡಿಯಾರ. ಬ್ಯಾಟರಿ ಪೂರ್ತಿ ಸತ್ತು ಎದ್ದ ಹಳೆಯ ಫೋನುಗಳಲ್ಲಿ ದಿನಾಂಕ ಹಿಂದಕ್ಕೆ ಹೋಗಿರುತ್ತದೆ. ಬ್ಯಾಂಕ್ ಆ್ಯಪ್, ವೆಬ್‌ಸೈಟುಗಳ ಸುರಕ್ಷತಾ ಪ್ರಮಾಣಪತ್ರಕ್ಕೆ ಇಂತಿಂಥ ದಿನದಿಂದ ಇಂತಿಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಫೋನಿನ ದಿನಾಂಕ ಆ ಅವಧಿಯ ಹೊರಗಿದ್ದರೆ ಅದು ಸಂಪರ್ಕವನ್ನೇ ತಿರಸ್ಕರಿಸುತ್ತದೆ. ದಿನಾಂಕ ಮತ್ತು ಸಮಯವನ್ನು ಆಟೋಮ್ಯಾಟಿಕ್‌ಗೆ ಇಡಿ.

ಒಂದೇ ಆ್ಯಪ್ ನಡೆಯುತ್ತಿಲ್ಲ, ಉಳಿದದ್ದೆಲ್ಲ ಸರಿ ಎಂದರೆ ಅದು ನೆಟ್ಟಿನ ಸಮಸ್ಯೆಯೇ ಅಲ್ಲ. ಆ ಆ್ಯಪ್‌ಗೆ ಮೊಬೈಲ್ ಡಾಟಾ ಅನುಮತಿ ಇದೆಯೇ, ಡಾಟಾ ಸೇವರ್ ಆನ್ ಇದೆಯೇ ನೋಡಿ. ಯುಪಿಐ ಆದರೆ ಬ್ಯಾಂಕಿನ ಸರ್ವರ್ ಕುಂತಿರಲೂಬಹುದು.

ಇಷ್ಟಾದ ಮೇಲೂ ಆಗದಿದ್ದರೆ ಈಗ ರೀಸೆಟ್ ನೆಟ್‌ವರ್ಕ್ ಸೆಟ್ಟಿಂಗ್ಸ್. ಫೋಟೋ, ನಂಬರ್ ಯಾವುದೂ ಹೋಗುವುದಿಲ್ಲ. ವೈಫೈ ಪಾಸ್‌ವರ್ಡು, ಬ್ಲೂಟೂತ್ ಜೋಡಣೆ ಹೋಗುತ್ತವೆ, ಬರೆದಿಟ್ಟುಕೊಳ್ಳಿ. "ಫ್ಯಾಕ್ಟರಿ ರೀಸೆಟ್" ಎಂಬುದು ಬೇರೆ. ಅದು ಎಲ್ಲವನ್ನೂ ಅಳಿಸುತ್ತದೆ, ಅದರ ತಂಟೆಗೆ ಹೋಗಬೇಡಿ.

ಸಿಮ್ ಎಂಬ ಚಿಕ್ಕ ಚೂರು

ಬೇರೆ ಫೋನಿನಲ್ಲೂ ನಡೆಯದ ಸಿಮ್ಮನ್ನು ಹೊರತೆಗೆದು ಬೆಳಕಿಗೆ ಹಿಡಿಯಿರಿ. ಚಿನ್ನದ ಬಣ್ಣದ ಭಾಗದಲ್ಲಿ ಕಪ್ಪು ಕಲೆ, ಗೀರು ಇವೆಯೇ? ನಮ್ಮ ಎರೆನಾಡಿನ ಧೂಳು ನಯವಾದದ್ದು, ಟ್ರೇಯ ಸಂದಿಯಲ್ಲಿ ಕೂತು ಬೆವರಿನ ಜೊತೆ ಸೇರಿ ಪದರ ಕಟ್ಟುತ್ತದೆ. ಒಣ ಮೆತ್ತಗಿನ ಬಟ್ಟೆಯಿಂದ ಒರೆಸಿ. ಹೋಗದಿದ್ದರೆ ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಎರಡು ಸಲ ಉಜ್ಜಿ, ಪುಡಿ ಊದಿ ತೆಗೆಯಿರಿ. ನೀರು, ಸ್ಯಾನಿಟೈಸರ್ ಬೇಡ. ಟ್ರೇಯನ್ನೂ ಒಣಬಟ್ಟೆಯಿಂದ ಒರೆಸಿ, ಸ್ಲಾಟಿನ ಒಳಗೆ ಪಿನ್ನು ಆಡಿಸಬೇಡಿ. ಒಳಗಿನ ಸ್ಪ್ರಿಂಗ್ ತಂತಿಗಳು ಕೂದಲೆಳೆಯಷ್ಟೇ.

ಹಳೆಯ ದೊಡ್ಡ ಸಿಮ್ಮನ್ನು ಕತ್ತರಿಸಿ ನ್ಯಾನೊ ಮಾಡಿಸಿಕೊಂಡವರು ಇನ್ನೂ ಇದ್ದಾರೆ. ದೊಡ್ಡ ಸಿಮ್ಮಿನ ದಪ್ಪ 0.76 ಮಿಲಿಮೀಟರ್, ನ್ಯಾನೊ 0.67. ಅಗಲ ಸರಿಯಾಗಿ ಕತ್ತರಿಸಿದರೂ ದಪ್ಪ ಉಳಿದುಹೋಗುತ್ತದೆ, ಟ್ರೇಯಲ್ಲಿ ಬಿಗಿಯಾಗಿ ಕೂತು ಸ್ಪ್ರಿಂಗುಗಳನ್ನು ಒತ್ತುತ್ತದೆ. ಆಗಾಗ "ನೋ ಸಿಮ್" ಬಂದು ಹೋಗುವುದಕ್ಕೆ ಇದೇ ಕಾರಣ. ಜೊತೆಗೆ ಆ ಕಾಲದ ಸಿಮ್ 4ಜಿಯದ್ದಾಗಿರದೆಯೂ ಇರಬಹುದು. ಬದಲಿಸಿಬಿಡಿ. 5ಜಿಗೆ ಹೊಸ ಸಿಮ್ ಬೇಕೆಂದು ಕರೆ ಮಾಡಿ ಒಟಿಪಿ ಕೇಳುವವರನ್ನು ಮಾತ್ರ ನಂಬಬೇಡಿ. ಜಿಯೋ, ಏರ್‌ಟೆಲ್‌ನ 4ಜಿ ಸಿಮ್‌ನಲ್ಲೇ 5ಜಿ ನಡೆಯುತ್ತದೆ.

ಸಿಮ್ ಬದಲಿಸಲು ಯಾರ ಹೆಸರಿನಲ್ಲಿದೆಯೋ ಅವರೇ ಆಧಾರ್ ಹಿಡಿದು ಕಂಪನಿಯ ಅಂಗಡಿಗೆ ಹೋಗಬೇಕು. ಮಗನ ಫೋನಿನ ಸಿಮ್ ಅಪ್ಪನ ಹೆಸರಿನಲ್ಲಿದ್ದರೆ ಅಪ್ಪನೇ ಬರಬೇಕು. ಹೊಸ ಸಿಮ್ ಚಾಲೂ ಆದ ಮೇಲೆ 24 ತಾಸು ಎಸ್‌ಎಂಎಸ್ ನಿಲ್ಲುತ್ತದೆ. ವಂಚನೆ ತಡೆಯಲು ಮಾಡಿದ ನಿಯಮ ಅದು. ಬ್ಯಾಂಕಿನ ಒಟಿಪಿಯೂ ಬರುವುದಿಲ್ಲ. ಫೀ ಕಟ್ಟುವ ಕೊನೆಯ ದಿನ ಸಿಮ್ ಬದಲಿಸಲು ಹೋಗಬೇಡಿ.

ಸೆಕೆಂಡ್ ಹ್ಯಾಂಡ್ ಫೋನಿನಲ್ಲಿ ಯಾವ ಸಿಮ್ ಹಾಕಿದರೂ "ನೋ ಸರ್ವಿಸ್" ಬಂದರೆ *#06# ಒತ್ತಿ, ಬಂದ 15 ಅಂಕಿಯ ಐಎಂಇಐ ಬರೆದುಕೊಳ್ಳಿ. ಇಂಗ್ಲಿಷಿನಲ್ಲಿ "ಕೆವೈಎಂ", ಒಂದು ಜಾಗ, ಆ ಅಂಕಿ, ಇಷ್ಟನ್ನು 14422ಕ್ಕೆ ಎಸ್‌ಎಂಎಸ್ ಮಾಡಿ. ಕಳುವಾದ ಫೋನೆಂದು ಬ್ಲಾಕ್ ಆಗಿದ್ದರೆ ಉತ್ತರದಲ್ಲಿ ಬರುತ್ತದೆ. ಕೊಳ್ಳುವ ಮೊದಲೇ ಅಂಗಡಿಯ ಕಟ್ಟೆ ಮೇಲೆ ನಿಂತು ಇದನ್ನು ಮಾಡುವುದು ಜಾಣತನ.

ಮಾಳಿಗೆ ಮನೆಯೊಳಗೆ ರೇಂಜ್ ಅಳೆಯುವುದು

ಕಡ್ಡಿಗಳನ್ನು ನಂಬಬೇಡಿ. ಒಂದೇ ಸಿಗ್ನಲ್ಲಿಗೆ ಒಂದು ಕಂಪನಿಯ ಫೋನು ಎರಡು ಕಡ್ಡಿ ತೋರಿಸಿದರೆ ಇನ್ನೊಂದು ಮೂರು ತೋರಿಸುತ್ತದೆ. ನಿಜವಾದ ಅಳತೆ ಡಿಬಿಎಂ, ಸಿಗ್ನಲ್ಲಿನ ಬಲವನ್ನು ಡೆಸಿಬೆಲ್ ಲೆಕ್ಕದಲ್ಲಿ ಹೇಳುವ ಅಂಕಿ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್ ಎಂಬಲ್ಲಿ "ಸಿಗ್ನಲ್ ಸ್ಟ್ರೆಂತ್" ಎಂದಿರುತ್ತದೆ. ಐಫೋನಿನಲ್ಲಿ *3001#12345#* ಒತ್ತಿ ಕರೆ ಗುಂಡಿ ಒತ್ತಿ. ಅಂಕಿ ಮೈನಸ್‌ನಲ್ಲಿರುತ್ತದೆ, ಸೊನ್ನೆಗೆ ಹತ್ತಿರ ಬಂದಷ್ಟೂ ಒಳ್ಳೆಯದು. 4ಜಿಯಲ್ಲಿ ಮೈನಸ್ 90ರ ಒಳಗಿದ್ದರೆ ಚಿಂತೆಯಿಲ್ಲ. ಮೈನಸ್ 100 ದಾಟಿದರೆ ವಿಡಿಯೋ ತಡವರಿಸುತ್ತದೆ, 110 ದಾಟಿದರೆ ನೆಟ್ ಇದ್ದೂ ಇಲ್ಲ. 120ರ ಹತ್ತಿರ ಸರ್ವಿಸ್ಸೇ ಹೋಗುತ್ತದೆ.

ಗದಗ, ಧಾರವಾಡದ ಹಳ್ಳಿಗಳ ಮಾಳಿಗೆ ಮನೆಗಳಲ್ಲಿ ಈ ಅಂಕಿ ಹಿಡಿದು ನಡೆದರೆ ಕಾರಣ ಕಣ್ಣೆದುರಿಗೇ ಕಾಣುತ್ತದೆ. ಎರಡಡಿ ದಪ್ಪದ ಮಣ್ಣು ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮೇಲ್ಮುದ್ದಿ. ಬೇಸಿಗೆಯಲ್ಲಿ ತಂಪು ಕೊಡುವ ಆ ಮಣ್ಣೇ ರೇಡಿಯೋ ಅಲೆಯನ್ನೂ ಕುಡಿಯುತ್ತದೆ. ಉದಾಹರಣೆಗೆ ದೇವರ ಮನೆ ಪಕ್ಕದ ಒಳಕೋಣೆಯಲ್ಲಿ ಮೈನಸ್ 112, ಪಡಸಾಲಿಯ ಬಾಗಿಲಲ್ಲಿ 101, ಮಾಳಿಗೆಯ ಮೇಲೆ 88 ಬಂತು ಎನ್ನಿ. 112ಕ್ಕೂ 88ಕ್ಕೂ ಅಂತರ 24. ಪ್ರತಿ 10 ಡೆಸಿಬೆಲ್‌ಗೆ ಹತ್ತು ಪಟ್ಟು ಎಂಬ ಲೆಕ್ಕದಲ್ಲಿ ಮಾಳಿಗೆಯ ಮೇಲೆ ಸಿಗ್ನಲ್ ಸುಮಾರು 250 ಪಟ್ಟು ಹೆಚ್ಚು. ತಗಡಿನ ಶೆಡ್ಡು ಇನ್ನೂ ಕೆಟ್ಟದ್ದು, ಲೋಹ ಅಲೆಯನ್ನು ಒಳಗೇ ಬಿಡುವುದಿಲ್ಲ. ಪ್ರತಿ ಜಾಗದಲ್ಲಿ ಹತ್ತು ಸೆಕೆಂಡು ನಿಂತು ಓದಿ, ಅಂಕಿ ಬದಲಾಗಲು ತಡವಾಗುತ್ತದೆ.

ಪರಿಹಾರ ಏನು? ಒಳ್ಳೆಯ ಅಂಕಿ ಸಿಕ್ಕ ಕಿಟಕಿಯಲ್ಲಿ ಒಂದು ಹಳೆಯ ಫೋನನ್ನು ಚಾರ್ಜಿಗೆ ಹಾಕಿ ಹಾಟ್‌ಸ್ಪಾಟ್ ಮಾಡಿ, ಒಳಗೆ ಅದರ ವೈಫೈ ಬಳಸಿ. ಹಾಟ್‌ಸ್ಪಾಟನ್ನು 2.4 ಗಿಗಾಹರ್ಟ್ಸ್‌ಗೆ ಇಡಿ, ಗೋಡೆ ದಾಟುವುದು ಅದೇ. ಮನೆಗೆ ಬ್ರಾಡ್‌ಬ್ಯಾಂಡ್ ಇದ್ದರೆ ವೈಫೈ ಕಾಲಿಂಗ್ ಆನ್ ಮಾಡಿ, ಕರೆಗಳ ಕಾಟವೂ ತಪ್ಪುತ್ತದೆ. ಆನ್‌ಲೈನಿನಲ್ಲಿ ಸಿಗುವ ಸಿಗ್ನಲ್ ಬೂಸ್ಟರ್ ಕೊಳ್ಳಬೇಡಿ. ಪರವಾನಗಿ ಇಲ್ಲದೆ ಅದನ್ನು ಕೂರಿಸುವುದು ಕಾನೂನುಬಾಹಿರ, ಮೇಲಾಗಿ ಅದು ಇಡೀ ಓಣಿಯ ನೆಟ್ ಕೆಡಿಸುತ್ತದೆ. ಫೋನಿನ ಹಿಂದೆ ಅಂಟಿಸುವ ಬಂಗಾರ ಬಣ್ಣದ ಸ್ಟಿಕ್ಕರು ಬರೀ ಸ್ಟಿಕ್ಕರು.

5ಜಿ ತೊಂದರೆಯೂ ಬಹುಪಾಲು ಗೋಡೆಯದೇ. 3,300 ಮೆಗಾಹರ್ಟ್ಸ್ ಸುತ್ತಿನ ಅಲೆ ವೇಗ ಕೊಡುತ್ತದೆ, ಗೋಡೆ ದಾಟಲು ಸೋಲುತ್ತದೆ. ಅಂಚಿನಲ್ಲಿರುವ ಮನೆಯಲ್ಲಿ ಫೋನು 5ಜಿ, 4ಜಿ ನಡುವೆ ಓಲಾಡುತ್ತ ಪ್ರತಿ ಸಲವೂ ತಡೆಯುತ್ತದೆ, ಬ್ಯಾಟರಿಯನ್ನೂ ತಿನ್ನುತ್ತದೆ. ನೆಟ್‌ವರ್ಕ್ ಮೋಡನ್ನು 4ಜಿಗೆ ಇಳಿಸಿ ಒಂದು ದಿನ ಬಳಸಿ ನೋಡಿ. ಏಪ್ರಿಲ್, ಮೇ ಬಿಸಿಲಿನಲ್ಲಿ ಬೈಕಿನ ಹ್ಯಾಂಡಲ್ ಮೇಲೆ ಮ್ಯಾಪ್ ಹಾಕಿಕೊಂಡು ಹೋಗುವವರ ಫೋನು ಕಾದಾಗ ತಾನೇ 5ಜಿ ಬಿಡುತ್ತದೆ. ಅದು ತಣ್ಣಗಾಗುವವರೆಗೆ ಮಾತ್ರ.

ಎಲ್ಲರಿಗೂ ಹೋದಾಗ

ತುಂಬಿದ ಕಡ್ಡಿ, ಆದರೆ ಆ ಕಂಪನಿಯ ಯಾರಿಗೂ ನೆಟ್ ಇಲ್ಲ. ಇಂಥ ಹೊತ್ತಿನಲ್ಲಿ ಮೊದಲು ಅನುಮಾನಿಸಬೇಕಾದದ್ದು ಕೇಬಲನ್ನು. ನಿಮ್ಮ ಫೋನಿನಿಂದ ಟವರಿನವರೆಗೆ ಮಾತ್ರ ಗಾಳಿಯ ದಾರಿ, ಅಲ್ಲಿಂದ ಮುಂದೆ ಬಹಳ ಕಡೆ ನೆಲದೊಳಗಿನ ಫೈಬರ್. ರಸ್ತೆಗೋ ಗಟಾರಕ್ಕೋ ಅಗೆಯುವ ಜೆಸಿಬಿ ಅದನ್ನು ಕಡಿದರೆ ಟವರಿನ ರೇಡಿಯೋ ಜೀವಂತವಾಗಿಯೇ ಇರುತ್ತದೆ, ಕಡ್ಡಿ ತೋರಿಸುತ್ತಲೇ ಇರುತ್ತದೆ. ಅವಳಿ ನಗರದಲ್ಲಿ ಅಗೆಯದ ರಸ್ತೆ ಯಾವುದು ಎಂದು ಕೇಳಬೇಡಿ. ಕರೆಂಟ್ ಹೋದಾಗಿನ ಲಕ್ಷಣ ಬೇರೆ. ಟವರಿನ ಬ್ಯಾಟರಿ ಮುಗಿದ ಮೇಲೆ ಕಡ್ಡಿಗಳೇ ಬೀಳುತ್ತವೆ, ದೂರದ ಟವರಿನ ಒಂದು ಕಡ್ಡಿ ಉಳಿಯುತ್ತದೆ.

ಮೂರನೆಯದು ದಟ್ಟಣೆ. ಬೆಳಿಗ್ಗೆ ಐದಕ್ಕೆ ಓಡುವ ನೆಟ್ಟು ರಾತ್ರಿ ಒಂಬತ್ತಕ್ಕೆ ತೆವಳಿದರೆ ಟವರಿನ ಮೇಲೆ ಜನ ಹೆಚ್ಚು. ಮೆಣಸಿನಕಾಯಿ ಹಂಗಾಮಿನ ಬ್ಯಾಡಗಿ ಮಾರುಕಟ್ಟೆ, ಶಿವರಾತ್ರಿಯ ಹೊತ್ತಿನ ಸಿದ್ಧಾರೂಢ ಮಠದ ಜಾತ್ರೆ, ಇಲ್ಲೆಲ್ಲ ಒಂದೇ ಟವರಿಗೆ ಸಾವಿರಾರು ಫೋನು ಜೋತುಬೀಳುತ್ತವೆ. ಫೋನಿನಲ್ಲಿ ಏನು ಮಾಡಿದರೂ ಅಷ್ಟಕ್ಕಷ್ಟೇ. ಎರಡನೇ ಸಿಮ್ ಬೇರೆ ಕಂಪನಿಯದಿದ್ದರೆ ಡಾಟಾ ಅದಕ್ಕೆ ಬದಲಿಸಿ. ಜಾತ್ರೆಗೆ ಹೊರಡುವಾಗ ಕಿಸೆಯಲ್ಲಿ ನಗದು ಇಟ್ಟುಕೊಳ್ಳಿ. ಯುಪಿಐ ಪಿನ್ ಹಾಕಿದ ಮೇಲೆ ಚಕ್ರ ತಿರುಗುತ್ತ ನಿಂತರೆ ಕೂಡಲೇ ಮತ್ತೊಮ್ಮೆ ಕಳಿಸಬೇಡಿ, ಮೊದಲು ಬ್ಯಾಂಕ್ ಬ್ಯಾಲೆನ್ಸ್ ನೋಡಿ, ಇಲ್ಲವಾದರೆ ಎರಡು ಸಲ ಹೋಗಬಹುದು.

ಗೋವಾ ಕಡೆ ಹೋಗುವವರಿಗೆ ಒಂದು ಮಾತು. ಗೋವಾ ಮಹಾರಾಷ್ಟ್ರದ ಮೊಬೈಲ್ ಸರ್ಕಲ್ಲಿಗೆ (ಸೇವೆಯ ವಲಯಕ್ಕೆ) ಸೇರಿದ್ದು, ಕರ್ನಾಟಕಕ್ಕಲ್ಲ. ಗಡಿ ದಾಟಿದೊಡನೆ ನಿಮ್ಮ ಸಿಮ್ ರೋಮಿಂಗ್‌ಗೆ ಹೋಗುತ್ತದೆ. ಫೋನಿನಲ್ಲಿ "ಡಾಟಾ ರೋಮಿಂಗ್" ಆಫ್ ಇದ್ದರೆ ಕರೆ ಬರುತ್ತದೆ, ನೆಟ್ ನಿಲ್ಲಬಹುದು. ಹೊರಡುವ ಮೊದಲೇ ಆನ್ ಮಾಡಿಕೊಳ್ಳಿ. ರೈಲಿನಲ್ಲಾದರೆ ಅಳ್ನಾವರ, ಲೋಂಡಾ ದಾಟಿ ಕ್ಯಾಸಲ್‌ರಾಕ್ ಘಾಟಿಯ ಕಾಡು ಮತ್ತು ಸುರಂಗದ ಹಾದಿಯಲ್ಲಿ ರೇಂಜೇ ಕಡಿಮೆ. ಟಿಕೆಟ್ಟಿನ ಸ್ಕ್ರೀನ್‌ಶಾಟ್ ಮೊದಲೇ ತೆಗೆದಿಡಿ.

ರಿಪೇರಿ ಮತ್ತು ದೂರು

ಫೋನ್ ನೆನೆದ ಮೇಲೆ ಅಥವಾ ಡಿಸ್‌ಪ್ಲೇ, ಬ್ಯಾಟರಿ, ಚಾರ್ಜಿಂಗ್ ಬೋರ್ಡ್ ಬದಲಿಸಿದ ಮೇಲೆ ರೇಂಜ್ ಬಿದ್ದಿದ್ದರೆ ಆಂಟೆನಾ ತಂತಿ ನೋಡಿಸಿ. ಹಲವು ಫೋನುಗಳಲ್ಲಿ ಕೆಳಗಿನ ಚಿಕ್ಕ ಬೋರ್ಡಿನಿಂದ ಮೇಲಿನ ಮುಖ್ಯ ಬೋರ್ಡಿಗೆ ದಾರದಷ್ಟು ಸಣ್ಣ ತಂತಿ ಹೋಗುತ್ತದೆ, ತುದಿಯಲ್ಲಿ ಸಾಸಿವೆ ಗಾತ್ರದ ಬಟನ್. ಅದು "ಟಿಕ್" ಎಂದು ಕೂರದಿದ್ದರೆ ಫೋನಿನ ಉಳಿದೆಲ್ಲ ಕೆಲಸ ನಡೆಯುತ್ತದೆ, ರೇಂಜ್ ಮಾತ್ರ 15-20 ಡೆಸಿಬೆಲ್ ಕಡಿಮೆ ಬರಬಹುದು. ರಿಪೇರಿಗೆ ಕೊಡುವ ಮೊದಲು ಅಂಗಡಿಯಲ್ಲೇ ಅಂಕಿ ನೋಡಿ ಬರೆದುಕೊಳ್ಳಿ. ತಿರುಗಿ ಪಡೆಯುವಾಗ ಅದೇ ಜಾಗದಲ್ಲಿ ನಿಂತು ಮತ್ತೆ ನೋಡಿ.

ತಪ್ಪು ಟವರಿನದು ಎಂದು ಖಚಿತವಾದರೆ ಅದೇ ಕಂಪನಿಯ ಸಿಮ್ಮಿನಿಂದ 198ಕ್ಕೆ ಕರೆ ಮಾಡಿ. ಅದು ದೂರಿನ ಉಚಿತ ನಂಬರ್. "ನೆಟ್ ಇಲ್ಲ" ಎಂದಷ್ಟೇ ಹೇಳಿದರೆ ಫೋನ್ ರೀಸ್ಟಾರ್ಟ್ ಮಾಡಿ ಎಂಬ ಉತ್ತರ ಸಿಗುತ್ತದೆ. ಹೀಗೆ ಹೇಳಿ: "ಪಿನ್‌ಕೋಡ್ ಇಂಥದ್ದು, ಊರು ಮತ್ತು ಓಣಿ ಇಂಥದ್ದು, ಮೂರು ದಿನದಿಂದ ಸಂಜೆ ಏಳರಿಂದ ಹತ್ತರವರೆಗೆ ನೆಟ್ ಇಲ್ಲ, ಸಿಗ್ನಲ್ ಮೈನಸ್ 86, ಎರಡು ಬೇರೆ ಫೋನಿನಲ್ಲಿ ನಿಮ್ಮದೇ ಸಿಮ್ ಹಾಕಿ ನೋಡಿದ್ದೇವೆ, ಅಲ್ಲೂ ಇಲ್ಲ." ಡಾಕೆಟ್ ನಂಬರ್ (ದೂರಿನ ದಾಖಲೆ ಸಂಖ್ಯೆ) ಕೇಳಿ ಪಡೆಯಿರಿ, ಅದಿಲ್ಲದಿದ್ದರೆ ದೂರು ಕೊಟ್ಟೇ ಇಲ್ಲ ಎಂದು ಲೆಕ್ಕ. ಓಣಿಯ ನಾಲ್ಕೈದು ಜನ ಬೇರೆ ಬೇರೆ ಡಾಕೆಟ್ ಮಾಡಿಸಿದರೆ ಇನ್ನೂ ಒಳ್ಳೆಯದು. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಅಪೀಲು ಪ್ರಾಧಿಕಾರಕ್ಕೆ 30 ದಿನದೊಳಗೆ ಬರೆಯಬಹುದು, ಅವರು 39 ದಿನದೊಳಗೆ ತೀರ್ಮಾನ ಹೇಳಬೇಕು.

ಅದಕ್ಕೂ ಬೇಸತ್ತು ಕಂಪನಿ ಬದಲಿಸುವುದಾದರೆ, ಮೊದಲು ಆ ಹೊಸ ಕಂಪನಿಯ ಸಿಮ್ ಇರುವ ಪಕ್ಕದವರನ್ನು ಮನೆಗೆ ಕರೆದು, ನಿಮ್ಮ ಒಳಕೋಣೆಯಲ್ಲೇ ರಾತ್ರಿ ಒಂಬತ್ತಕ್ಕೆ ಅಂಕಿ ಅಳೆಯಿರಿ. ಅಂಗಡಿಯವರು ತೋರಿಸುವ ವೇಗ ಅಂಗಡಿಯದು. ಸರಿ ಎನಿಸಿದರೆ ಇಂಗ್ಲಿಷಿನಲ್ಲಿ "ಪೋರ್ಟ್", ಒಂದು ಜಾಗ, ನಿಮ್ಮ ನಂಬರ್ ಬರೆದು 1900ಕ್ಕೆ ಎಸ್‌ಎಂಎಸ್ ಮಾಡಿ. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು. ಸಿಮ್ ಕಳೆದು ಅಥವಾ ಕೆಟ್ಟು ಹೊಸದು ಪಡೆದಿದ್ದರೆ 7 ದಿನ ಕಳೆದಿರಬೇಕು. ಬಂದ ಕೋಡ್ ನಾಲ್ಕು ದಿನ ನಡೆಯುತ್ತದೆ, ಅಷ್ಟರೊಳಗೆ ಆಧಾರ್ ಹಿಡಿದು ಹೊಸ ಕಂಪನಿಯ ಅಂಗಡಿಗೆ ಹೋಗಿ.